ಬೈಕ್‌ಪ್ಯಾಕಿಂಗ್ ಸೈಕಲ್ ತಯಾರಿ: ಚಕ್ರ ಫೈನಲ್, ಬ್ಯಾಗು ಬಹುಪಾಲು

ಬೈಕ್‌ಪ್ಯಾಕಿಂಗ್ ಅಂದರೆ ಸಾಮಾನನ್ನೆಲ್ಲ ಬ್ಯಾಗುಗಳಲ್ಲಿ ತುಂಬಿ ಸೈಕಲ್ಲಿಗೇ ಕಟ್ಟಿಕೊಂಡು ದೂರ ಹೋಗೋದು. ಅದಕ್ಕೆ 29 ಇಂಚಿನ ಚಕ್ರವೋ 27.5 ಇಂಚಿನದೋ ಅನ್ನೋ ವಿಚಾರ ಕೊನೆಗೂ ತೀರ್ಮಾನ ಆಯ್ತು: 27.5 ಇಂಚು. ಕಲ್ಲು, ಗುಂಡಿ ದಾಟೋದಕ್ಕೆ 29 ಇಂಚೇ ವಾಸಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಎತ್ತರ ಐದಡಿ ಎರಡಿಂಚು. ನನ್ನಷ್ಟು ಎತ್ತರದವರಿಗೆ ಬ್ಯಾಗಿಗೆ ಜಾಗ ಉಳಿಯುತ್ತದಾ ಅಂತ ನೋಡದೆ ಬರೀ ಚಕ್ರ ಆರಿಸೋಕೆ ಆಗುವುದಿಲ್ಲ.

ಲೆಕ್ಕ ನೋಡಿ. 29ರ ರಿಮ್‌ನಲ್ಲಿ ಟಯರ್ ಕೂರುವ ಜಾಗದ ವ್ಯಾಸ 622 ಮಿ.ಮೀ., 27.5ರದ್ದು 584. ಒಂದೇ ದಪ್ಪದ ಟಯರ್ ಹಾಕಿದರೆ ಸಣ್ಣ ಚಕ್ರದ ನೆತ್ತಿ 38 ಮಿ.ಮೀ. ತಗ್ಗಿನಲ್ಲಿರುತ್ತದೆ. ನೆಲದಿಂದ ಸೀಟಿನ ಎತ್ತರ ಎರಡರಲ್ಲೂ ಒಂದೇ ಇದ್ದರೆ ಅಷ್ಟೂ ಜಾಗ ಸೀಟಿನ ಕೆಳಗೆ, ಹಿಂದಿನ ಚಕ್ರದ ಮೇಲೆ ಕಟ್ಟುವ ಸೀಟ್ ಬ್ಯಾಗಿಗೆ ಸಿಗುತ್ತದೆ. ಉದ್ದ ಕಾಲಿನವರಿಗೆ ಇದು ಲೆಕ್ಕಕ್ಕೇ ಇಲ್ಲ. ಸೀಟು ತಗ್ಗಿಸಿ ಓಡಿಸುವವರಿಗೆ ಬ್ಯಾಗ್ ಟಯರಿಗೆ ಉಜ್ಜುತ್ತದೋ ಇಲ್ಲವೋ ಅನ್ನೋದು ಇಷ್ಟರ ಮೇಲೇ ನಿಂತಿದೆ.

ಈ ವಾರ ಸಾಮಾನು ತುಂಬಿ ಕಟ್ಟಿ ನೋಡಿದೆ. ಸೀಟಿನ ಕೆಳಗೆ 8 ಲೀಟರ್ ಬ್ಯಾಗ್, ಅದರಲ್ಲಿ ಬಟ್ಟೆ ಮಾತ್ರ. ಟಯರಿಗೂ ಬ್ಯಾಗಿಗೂ ಮಧ್ಯೆ ನಾಲ್ಕು ಬೆರಳು ಆರಾಮಾಗಿ ಹೋಗುತ್ತವೆ. ಸ್ಟ್ರಾಪ್ ತಾಗುವ ಕಡೆ ಹಳೇ ಟ್ಯೂಬ್ ಕತ್ತರಿಸಿ ಸುತ್ತಿದ್ದೇನೆ. ಇಲ್ಲದಿದ್ದರೆ ಕೆಸರಿನ ಮರಳು ಸಿಕ್ಕಿಕೊಂಡು ಪೇಂಟ್ ಕೆರೆದುಹಾಕುತ್ತದೆ.

ಸಣ್ಣ ಫ್ರೇಮಿನ ತ್ರಿಕೋನದಲ್ಲಿ ಬಾಟಲಿ, ಬ್ಯಾಗ್ ಎರಡೂ ಹಿಡಿಸಲ್ಲ. ಅದನ್ನು ಬ್ಯಾಗಿಗೇ ಬಿಟ್ಟೆ. ಟೂಲ್ಸ್, ಪಂಪು, ತಿಂಡಿ, ಭಾರದ್ದೆಲ್ಲ ಅಲ್ಲೇ. ಭಾರ ನಡುವೆ, ಕೆಳಗೆ ಇದ್ದಷ್ಟೂ ಸೈಕಲ್ ಓಲಾಡುವುದು ಕಡಿಮೆ. ನೀರಿನ ಬಾಟಲಿಗಳು ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಎರಡು ಬದಿಗೆ ಹೋದವು.

ಟ್ಯೂಬ್ ಮಾತ್ರ ಎರಡು ಜಾಸ್ತಿ ಒಯ್ಯಬೇಕು. ಸಣ್ಣ ಊರಿನ ಸೈಕಲ್ ಶಾಪ್‌ಗಳಲ್ಲಿ 26 ಇಂಚಿನದು ಸಿಕ್ಕಷ್ಟು ಸುಲಭವಾಗಿ 27.5 ಸಿಗುವುದಿಲ್ಲ. ತೀರಾ ಕೈಕೊಟ್ಟರೆ 26ರ ಟ್ಯೂಬನ್ನೇ ತುರುಕಿ ಊರು ಸೇರಬಹುದು ಅನ್ನಿ.

ಉಳಿದಿರೋದು ಹ್ಯಾಂಡಲ್ ಬ್ಯಾಗ್. ಸ್ಲೀಪಿಂಗ್ ಬ್ಯಾಗನ್ನು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್‌ನಲ್ಲಿ ಸುತ್ತಿ ತುಂಬಿದ್ದೇನೆ, ಮಲೆನಾಡಿನ ಮಳೆಗೆ ಅಷ್ಟು ಬೇಕೇ ಬೇಕು. ಆದರೆ ಬ್ಯಾಗ್ ಬ್ರೇಕ್ ಕೇಬಲ್‌ಗಳನ್ನು ಒತ್ತಿ ಮಡಚುತ್ತಿದೆ. ನಡುವೆ ಫೋಮ್ ತುಂಡು ಇಟ್ಟು ಒಂದಿಂಚು ಮುಂದೆ ತಳ್ಳಬೇಕು. ಅದಾದ ಮೇಲೆ ಮೂಡಿಗೆರೆಯಿಂದ ಕೊಟ್ಟಿಗೆಹಾರ, ಅಲ್ಲಿ ನೀರು ದೋಸೆ, ಆಮೇಲೆ ಪೂರ್ತಿ ಲೋಡ್‌ನಲ್ಲಿ ಚಾರ್ಮಾಡಿ ಘಾಟಿ ಇಳಿಯೋದು. ಬ್ರೇಕ್ ಸರಿಯಾಗುವವರೆಗೆ ಆ ಇಳಿಜಾರಿಗೆ ಹೋಗಲ್ಲ.