ದುಬೈಗೆ ಬರಬೇಕಿದ್ದ ವಿಮಾನ

ದುಬೈಗೆ ಬಂದು ಹದಿನಾಲ್ಕು ವರ್ಷವಾಯ್ತು. ಏರ್ ಕಾರ್ಗೋ ಶೆಡ್‌ನಲ್ಲಿ ಕೆಲಸ. ಊರಿಗೆ ಬಂದಾಗ "ಅಲ್ಲಿ ಎಂತ ಕೆಲಸ ಮಾರಾಯಾ?" ಎಂದು ಕೇಳುವವರಿಗೆ, ವಿಮಾನದೊಳಗೆ ಸಾಮಾನು ಕಟ್ಟುವ ಕೆಲಸ ಎನ್ನುತ್ತೇನೆ. "ಓ, ಲೋಡಿಂಗಾ?" ಎಂದು ಮಾತು ಬದಲಿಸುತ್ತಾರೆ. ನನಗೆ ಬೇಜಾರಾಗುತ್ತದೆ. ಯಾಕೆಂದು ಇವತ್ತು ಬರೆಯುತ್ತೇನೆ.

2013ರ ಏಪ್ರಿಲ್ 29. ನಾನಿನ್ನೂ ಈ ಕೆಲಸಕ್ಕೆ ಹೊಸಬ. ಅವತ್ತು ಮಧ್ಯಾಹ್ನ ಅಫ್ಘಾನಿಸ್ತಾನದ ಬಗ್ರಾಂ ವಾಯುನೆಲೆಯಿಂದ ನ್ಯಾಷನಲ್ ಏರ್‌ಲೈನ್ಸ್‌ನ ಬೋಯಿಂಗ್ 747 ಸರಕು ವಿಮಾನವೊಂದು ಹೊರಟಿತು. ಅದು ಬರಬೇಕಾಗಿದ್ದು ಇಲ್ಲಿಗೇ, ಜೆಬೆಲ್ ಅಲಿ ಹತ್ತಿರದ ಅಲ್ ಮಕ್ತೂಮ್ ನಿಲ್ದಾಣಕ್ಕೆ. ನೆಲ ಬಿಟ್ಟ ಕೂಡಲೇ ಮೂಗು ಮೇಲೆತ್ತಿಕೊಂಡು ಹೋಯಿತು. ಏರುತ್ತಲೇ ಹೋಗಿ, ವೇಗ ಕಳೆದುಕೊಂಡು, ಒಂದು ಕಡೆಗೆ ವಾಲಿ, ರನ್‌ವೇ ಪಕ್ಕದಲ್ಲೇ ಬಿದ್ದು ಉರಿಯಿತು. ನಾಲ್ವರು ಪೈಲಟ್‌ಗಳು, ಇಬ್ಬರು ಮೆಕ್ಯಾನಿಕ್‌ಗಳು, ಸರಕು ತುಂಬಿ ಕಟ್ಟಿಸುವ ಹೊಣೆಯ ಒಬ್ಬ ಲೋಡ್‌ಮಾಸ್ಟರ್. ಏಳೂ ಜನ ಹೋದರು.

ಒಂದು ಗಾಡಿಯ ಡ್ಯಾಶ್ ಕ್ಯಾಮೆರಾದಲ್ಲಿ ಅದು ಸೆರೆಯಾಗಿತ್ತು. ನಮ್ಮ ಕ್ಯಾಂಪ್ ರೂಮಿನಲ್ಲಿ ಆರು ಜನ ಒಂದೇ ಫೋನ್ ಸುತ್ತ ಕೂತು ನೋಡಿದೆವು. ಊಟ ಸೇರಲಿಲ್ಲ.

ಆ ವಿಮಾನದಲ್ಲಿ ಇದ್ದದ್ದು ಅಮೆರಿಕದ ಸೇನೆಯ ಐದು ಗಾಡಿಗಳು. ನೆಲಬಾಂಬ್ ಸಿಡಿದರೂ ತಡೆದುಕೊಳ್ಳುವಂಥವು. ಎರಡು ತಲಾ 12 ಟನ್, ಮೂರು ತಲಾ 18 ಟನ್. ಅಫ್ಘಾನಿಸ್ತಾನದಲ್ಲೇ ಇರುವ ಕ್ಯಾಂಪ್ ಬಾಸ್ಟಿಯನ್ ಎಂಬಲ್ಲಿ ಅವನ್ನು ತುಂಬಿಸಿ, ಡೀಸೆಲ್ ಹಾಕಿಸಲು ಲಾರಿ ನಿಲ್ಲಿಸುವ ಹಾಗೆ, ಇಂಧನಕ್ಕೆಂದು ವಿಮಾನವನ್ನು ಬಗ್ರಾಂನಲ್ಲಿ ನಿಲ್ಲಿಸಿದ್ದರು. ಸಾಮಾನು ಹೇರುವ ಸಾಮಾನ್ಯ ಹಲಗೆ, ಅಂದರೆ ಪ್ಯಾಲೆಟ್ ಆದರೆ ವಿಮಾನದ ನೆಲದಲ್ಲಿರುವ ಲಾಕ್‌ಗಳಿಗೆ ಸಿಕ್ಕಿಸುತ್ತೇವೆ. ಈ ಗಾಡಿಗಳಿದ್ದದ್ದು ನಡುಮಧ್ಯದ ಸಾಲಿನಲ್ಲಿ. ಅಲ್ಲಿ ಲಾಕ್ ಹಿಡಿಯುವುದಿಲ್ಲ. ಎಲ್ಲ ಭಾರವನ್ನೂ ಸ್ಟ್ರಾಪ್‌ಗಳೇ, ಅಂದರೆ ಬಿಗಿಯುವ ಪಟ್ಟಿಗಳೇ ಹಿಡಿಯಬೇಕು.

18 ಟನ್ನಿನ ಗಾಡಿಗೆ ಹಾಕಿದ್ದು 26 ಸ್ಟ್ರಾಪ್. ಕೇಳುವುದಕ್ಕೆ ತುಂಬಾ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಬೇಕಾಗಿದ್ದು ಸುಮಾರು 60. ಅದೂ ಅಂಥ ಗಾಡಿ ಒಂದೇ ಒಂದು ಇದ್ದರೆ.

ಯಾಕೆ ಅಷ್ಟೊಂದು? ಇದನ್ನು ನನಗೆ ಕಲಿಸಿದವರು ಕಣ್ಣೂರಿನ ಒಬ್ಬ ಹಿರಿಯರು. ಶೆಡ್‌ನಲ್ಲಿ ಎಲ್ಲರೂ ಅವರನ್ನು ಇಕ್ಕಾ ಎನ್ನುತ್ತಿದ್ದೆವು. ಸೇರಿದ ಹೊಸದರಲ್ಲಿ ನಾನು ಒಂದು ಮೆಷಿನ್ ಪೆಟ್ಟಿಗೆ ಕಟ್ಟಿದ್ದೆ. ಎಲ್ಲ ಸ್ಟ್ರಾಪ್‌ಗಳನ್ನೂ ಮೇಲಿಂದ ಹಾಯಿಸಿ, ಬೆವರು ಸುರಿಸಿ ಬಿಗಿದಿದ್ದೆ. ಇಕ್ಕಾ ಬಂದು ಒಂದೊಂದೇ ಬಿಚ್ಚಿಸಿದರು. ಬೈಯಲಿಲ್ಲ. "ಇದು ಪೆಟ್ಟಿಗೆ ಮೇಲೆ ಏಳದಂತೆ ಹಿಡಿಯುತ್ತದೆ ಮೋನೆ. ಹಿಂದಕ್ಕೆ ಓಡದಂತೆ ಹಿಡಿಯುವುದು ಯಾವುದು?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಿಮಾನ ಓಡಲು ಶುರು ಮಾಡಿದಾಗ ಸರಕು ಹಿಂದಕ್ಕೆ ಜಗ್ಗುತ್ತದೆ. ಮೂಗು ಎತ್ತಿತೆಂದರೆ ನೆಲವೇ ಇಳಿಜಾರಾಗುತ್ತದೆ. ಸ್ಟ್ರಾಪ್ ಎಷ್ಟು ಗಟ್ಟಿ ಎಂಬುದು ಅರ್ಧ ಲೆಕ್ಕ ಮಾತ್ರ. ಅದು ಯಾವ ಕೋನದಲ್ಲಿ ನಿಂತಿದೆ ಎಂಬುದು ಉಳಿದರ್ಧ. ನೆಟ್ಟಗೆ ನಿಂತ ಸ್ಟ್ರಾಪ್ ಹಿಂದಕ್ಕೆ ಹೋಗುವ ಭಾರವನ್ನು ಹೆಚ್ಚೇನೂ ತಡೆಯುವುದಿಲ್ಲ. ಆದ್ದರಿಂದ ಸುಮ್ನೆ ಎಣಿಸಿದರೆ ಸಾಲದು, ಪ್ರತಿಯೊಂದಕ್ಕೂ ಲೆಕ್ಕ ಹಾಕಬೇಕು.

ಬಗ್ರಾಂನಲ್ಲಿ ನಿಂತಿದ್ದಾಗ ಒಂದು ಸ್ಟ್ರಾಪ್ ಕಿತ್ತುಹೋಗಿದ್ದು ಆ ವಿಮಾನದ ಸಿಬ್ಬಂದಿಗೆ ಕಂಡಿತ್ತು. ಸರಕು ಸ್ವಲ್ಪ ಜರುಗಿತ್ತು ಕೂಡ. ಆ ಮಾತುಕತೆ ಪೈಲಟ್‌ಗಳ ಕೋಣೆಯ ಮಾತು ದಾಖಲಿಸುವ ಕಾಕ್‌ಪಿಟ್ ರೆಕಾರ್ಡರ್‌ನಲ್ಲಿದೆ. ಮತ್ತೆ ಬಿಗಿದುಕೊಂಡು ಹೊರಟರು. ನನಗೆ ಜಾಸ್ತಿ ಸಂಕಟವಾಗುವುದು ಇಲ್ಲಿ. ಲೆಕ್ಕ ತಪ್ಪಿದೆ ಎಂದು ಆ ಸ್ಟ್ರಾಪ್ ಆಗಲೇ ಹೇಳಿತ್ತು. ಕೇಳಿಸಿಕೊಳ್ಳುವುದಕ್ಕೆ ಬೇಕಾದ ತಿಳಿವಳಿಕೆಯನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಟೇಕಾಫ್ ಹೊತ್ತಿಗೆ ಕನಿಷ್ಠ ಒಂದು ಗಾಡಿ ಹಿಂದಕ್ಕೆ ನುಗ್ಗಿತು. ಬಾಲದ ಕಡೆಯ ಗೋಡೆ ಒಡೆಯಿತು. ದ್ರವದ ಒತ್ತಡದಿಂದ ವಿಮಾನದ ಭಾಗಗಳನ್ನು ಆಡಿಸುವ ಎರಡು ಹೈಡ್ರಾಲಿಕ್ ವ್ಯವಸ್ಥೆಗಳು ಕೆಟ್ಟವು. ಬಾಲದ ಅಡ್ಡರೆಕ್ಕೆಯನ್ನು ತಿರುಗಿಸುವ ದೊಡ್ಡ ಸ್ಕ್ರೂ ಹಾಳಾಯಿತು. ಮಾತು ದಾಖಲಿಸುವುದು, ಹಾರಾಟದ ವಿವರ ದಾಖಲಿಸುವುದು, ಎರಡೂ ರೆಕಾರ್ಡರ್‌ಗಳು ಅಲ್ಲೇ ನಿಂತುಹೋದವು. ಭಾರ ಹಿಂದಕ್ಕೆ ಸರಿದದ್ದೇ ವಿಮಾನವನ್ನು ಬೀಳಿಸಿತು ಎಂದು ನಾವೆಲ್ಲ ಮಾತಾಡಿಕೊಂಡಿದ್ದೆವು. ತನಿಖೆ ಹೇಳಿದ್ದು ಬೇರೆ. ಬರೀ ಭಾರ ಸರಿದಿದ್ದರೆ ಪೈಲಟ್‌ಗಳು ಸುಧಾರಿಸಿಕೊಳ್ಳಬಹುದಿತ್ತು. ಆದರೆ ಮೂಗು ತಗ್ಗಿಸುವ ಸಾಧನವೇ ಮುರಿದಿತ್ತು. ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ.

2015ರಲ್ಲಿ ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿಯ ವರದಿ ಬಂತು. ಸರಕು ಸರಿಯಾಗಿ ಕಟ್ಟಿರಲಿಲ್ಲ, ನಿಜ. ಆದರೆ ತಪ್ಪನ್ನೆಲ್ಲ ಅದು ಸತ್ತುಹೋದ ಲೋಡ್‌ಮಾಸ್ಟರ್ ತಲೆಗೆ ಕಟ್ಟಲಿಲ್ಲ. ವಿಮಾನ ತಯಾರಿಸಿದವರು ಬರೆದಿಟ್ಟಿದ್ದ ಮುಖ್ಯ ಸೂಚನೆಗಳು ಕಂಪನಿಯ ಕೈಪಿಡಿಯಲ್ಲೇ ಇರಲಿಲ್ಲ. ಅದನ್ನು ನೋಡಬೇಕಾದ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕೂಡ ಸರಿಯಾಗಿ ನೋಡಿರಲಿಲ್ಲ. ಇಂಥ ವಿಶೇಷ ಸರಕು ಕಟ್ಟುವವರಿಗೆ ಪೈಲಟ್, ಮೆಕ್ಯಾನಿಕ್‌ಗಳಿಗೆ ಇರುವಂತೆ ಪ್ರಮಾಣಪತ್ರ ಇರಬೇಕು ಎಂದೂ ವರದಿ ಶಿಫಾರಸು ಮಾಡಿತು. ಅದನ್ನು ಓದಿದ ದಿನ ಅಪ್ಪಯ್ಯನಿಗೆ ಫೋನ್ ಮಾಡಿದ್ದೆ.

ಅಪ್ಪಯ್ಯ ಲಾರಿ ಡ್ರೈವರ್ ಆಗಿದ್ದವರು. ಕುಂದಾಪುರದಿಂದ ಹಂಚು ತುಂಬಿಕೊಂಡು ಬಾಳೆಬರೆ ಘಾಟಿ ಹತ್ತಿ ಶಿವಮೊಗ್ಗಕ್ಕೆ ಹೋಗುತ್ತಿದ್ದರು. ಘಾಟಿ ಶುರುವಾಗುವ ಮೊದಲು ಹೊಸಂಗಡಿಯಲ್ಲಿ ಲಾರಿ ನಿಲ್ಲಿಸಿ, ಸುತ್ತ ಒಂದು ಸಲ ನಡೆದು ಹಗ್ಗ ಎಳೆದು ನೋಡುತ್ತಿದ್ದರು. ಚಿಕ್ಕವನಿದ್ದಾಗ ಒಮ್ಮೆ ನಾನೂ ಜೊತೆಗಿದ್ದೆ. ಒಂದು ಹಗ್ಗದ ಎಳೆ ಬಿಟ್ಟಿತ್ತು. ಅದೊಂದನ್ನೇ ಬಿಗಿದು ಹೊರಡಲಿಲ್ಲ. ಅರ್ಧ ಲೋಡ್ ಇಳಿಸಿ, ಹಂಚಿನ ನಡುವಿನ ಹುಲ್ಲು ಸರಿಮಾಡಿ, ಮೊದಲಿನಿಂದ ಕಟ್ಟಿಸಿದರು. ಕತ್ತಲಾಗಿ ನನಗೆ ಅಳು ಬಂದಿತ್ತು.

ಫೋನಿನಲ್ಲಿ ಬಗ್ರಾಂ ಕಥೆ ಪೂರ್ತಿ ಕೇಳಿದ ಮೇಲೆ ಅಪ್ಪಯ್ಯ ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಿತ್ತ ಪಟ್ಟಿ ಯಾವ ಬದಿಯದ್ದು ಮಗಾ?" ಎಂದು ಕೇಳಿದರು.

ಈಗ ಕಿತ್ತ ಸ್ಟ್ರಾಪ್ ಕಂಡರೆ ನನ್ನ ಹುಡುಗರಿಗೆ ನಾನು ಕೇಳುವ ಮೊದಲ ಪ್ರಶ್ನೆಯೂ ಅದೇ. ಉತ್ತರ ಸಿಗುವವರೆಗೆ ಹೊಸ ಸ್ಟ್ರಾಪ್ ಕೊಡುವುದಿಲ್ಲ.