ವಿವೇಲಾ ಅಭ್ಯಾಸ: ಸೋನ್ ಲಯ ಕೈಗೆ ಹತ್ತುತ್ತಿದೆ

ಈ ತಿಂಗಳು ಹೊಸ ಹಾಡು ಶುರು ಮಾಡಲಿಲ್ಲ. ಪೂರ್ತಿ ಬಲಗೈ ಕೆಲಸ. ಅದರ ಫಲ ಈಗ ಕಾಣ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ವಿವೇಲಾ ಅಂದರೆ ಮರಿಯಾಚಿ ಎಂಬ ಮೆಕ್ಸಿಕೋದ ಜನಪದ ಸಂಗೀತ ಮೇಳದಲ್ಲಿ ನುಡಿಸುವ ತಂತಿವಾದ್ಯ. ಗಿಟಾರಿಗಿಂತ ಚಿಕ್ಕದು, ಬೆನ್ನು ಉಬ್ಬಿರುತ್ತದೆ, ಐದೇ ತಂತಿ. ಮೂರು ತಂತಿಗಳ ಶ್ರುತಿ ಗಿಟಾರಿಗಿಂತ ಒಂದು ಸ್ಥಾಯಿ ಮೇಲೆ. ಹಾಗಾಗಿ ಎಲ್ಲಕ್ಕಿಂತ ಏರು ಸ್ವರ ನಡುವಿನ ತಂತಿಯದು! ಗಿಟಾರ್ ಬಲ್ಲವರಿಗೆ ಎಡಗೈ ಬೇಗ ಒಗ್ಗುತ್ತದೆ. ಕಷ್ಟ ಇರೋದು ಮೀಟುವುದರಲ್ಲಿ.

ಸೋನ್ ಅಂದರೆ ಮೆಕ್ಸಿಕೋದ ಒಂದು ಜನಪದ ಹಾಡಿನ ಪ್ರಕಾರ. ಅಲ್ಲಿನ ಹಾಲಿಸ್ಕೋ ರಾಜ್ಯದ ಕಡೆಯ ಸೋನ್ ಹಾಡುಗಳಲ್ಲಿ ಆರು ಮಾತ್ರೆ ಒಮ್ಮೆ ಮೂರು-ಮೂರಾಗಿ ಒಡೆಯುತ್ತದೆ, ಮರುಕ್ಷಣ ಎರಡು-ಎರಡು-ಎರಡಾಗಿ. ವೇಗ ಬದಲಾಗುವುದಿಲ್ಲ, ಒತ್ತು ಮಾತ್ರ ಜಾಗ ಬದಲಿಸುತ್ತದೆ. ವಾದ್ಯ ಕೆಳಗಿಟ್ಟು, ತೊಡೆಯ ಮೇಲೆ ತಾಳ ಹಾಕುತ್ತಾ ಎರಡನ್ನೂ ಬಾಯಲ್ಲಿ ಹೇಳಿಕೊಂಡೆ. ಚಿಕ್ಕಂದಿನಲ್ಲಿ ಕಲಿತ ತಾಳದ ಲೆಕ್ಕ ಇಲ್ಲಿ ಎಷ್ಟು ಉಪಯೋಗಕ್ಕೆ ಬಂತು ಅಂದರೆ, ಆಮೇಲೆ ಮಣಿಕಟ್ಟು ತಾನಾಗಿ ತಿರುಗತೊಡಗಿತು. ಒತ್ತು ಜಾಗ ಬದಲಿಸುವ ತಿರುವಿನ ಹತ್ತಿರ ಮೊದಲು ಕೈ ಬಿಗಿಯಾಗುತ್ತಿತ್ತು. ಈಗ ನಿಧಾನ ವೇಗದಲ್ಲಿ ಸಲೀಸು.

ಕೇಳುವ ರೀತಿಯನ್ನೂ ಬದಲಿಸಿದೆ. ಟ್ರಂಪೆಟ್ ಇಲ್ಲದ ಹಳೆಯ ಧ್ವನಿಮುದ್ರಣಗಳನ್ನೇ ಜಾಸ್ತಿ ಕೇಳುತ್ತಿದ್ದೇನೆ. ಮರಿಯಾಚಿ ಅಂದರೆ ಟ್ರಂಪೆಟ್ ಅಂತ ಎಲ್ಲರೂ ಅಂದುಕೊಳ್ತೀವಿ, ಅಲ್ವಾ? ಅದು ಖಾಯಂ ಆಗಿದ್ದು 20ನೇ ಶತಮಾನದಲ್ಲಿ, ರೇಡಿಯೊ ಮತ್ತು ಸಿನಿಮಾ ಬಂದ ಮೇಲೆ. 19ನೇ ಶತಮಾನದ ಕೊನೆಗೆ ಗಾಸ್ಪರ್ ವರ್ಗಾಸ್ ಎಂಬ ವಾದಕ ಹಾಲಿಸ್ಕೋದ ತೆಕಾಲಿತ್ಲಾನ್ ಊರಿನಲ್ಲಿ ಕಟ್ಟಿದ ಮೇಳದಲ್ಲಿ ಇದ್ದದ್ದು ಬರೀ ತಂತಿವಾದ್ಯ: ಪಿಟೀಲು, ಹಾರ್ಪ್, ಮೀಟುವ ಗಿಟಾರ್. ಇವತ್ತಿನ ಮರಿಯಾಚಿ ವರ್ಗಾಸ್ ತಂಡ ಬೆಳೆದದ್ದು ಅದೇ ಬೇರಿನಿಂದ. ನನಗಂತೂ ಟ್ರಂಪೆಟ್ ಇಲ್ಲದ ಸೋನ್ ಹೆಚ್ಚು ಇಷ್ಟ. ವಿವೇಲಾ ಮಾಡುವ ಕೆಲಸ ಅಲ್ಲಿ ಒಂದೊಂದು ಮೀಟಿನಲ್ಲೂ ಕೇಳುತ್ತದೆ.

ಇನ್ನು ಗಿಟಾರೋನ್ ಜೊತೆ ಕೂರಬೇಕು. ದೊಡ್ಡ ಹೊಟ್ಟೆಯ, ಕತ್ತಿನ ಮೇಲೆ ಮೆಟ್ಟುಗಳೇ (ಫ್ರೆಟ್) ಇಲ್ಲದ ಆರು ತಂತಿಯ ವಾದ್ಯ ಅದು. ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ, ಎರಡು ತಂತಿ ಒಟ್ಟಿಗೆ ಎಳೆದು ನುಡಿಸುತ್ತಾರೆ. ಅದಕ್ಕೇ ಆ ಮಂದ್ರಕ್ಕೆ ಅಷ್ಟು ತೂಕ. ಗಿಟಾರೋನ್ ಮತ್ತು ವಿವೇಲಾ ಒಂದಾದರೆ ಮಾತ್ರ ಪಿಟೀಲಿನವರು ಧೈರ್ಯವಾಗಿ ಹಾಡನ್ನು ಎತ್ತಿಕೊಳ್ಳಬಹುದು. ಮೇಳಕ್ಕೆ ಕೋಲು ಹಿಡಿದು ನಡೆಸುವವರು ಯಾರೂ ಇರುವುದಿಲ್ಲ. ಮುಂದೆ ಸ್ವರದ ಹಾಳೆಯೂ ಇರುವುದಿಲ್ಲ, ಎಲ್ಲ ಬಾಯಿಪಾಠ.

ಮುಂದಿನ ವಾರ ಗಿಟಾರೋನ್ ನುಡಿಸುವ ಗೆಳೆಯ ಬರುತ್ತಾನೆ. ಮೊದಲು ತಿರುವುಗಳನ್ನಷ್ಟೇ ನುಡಿಸಿ ನೋಡ್ತೀವಿ. ಅದು ಕೂಡಿಬಂದರೆ ವೇಗ ಏರಿಸುವುದು.