ಮೊದಲ ನಮಸ್ಕಾರ ನೀರೊಳಗಿನ ಚೌಡಿಗೆ

ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಹೊರಟವರು ಸಾಗರ ಬಿಟ್ಟು, ಆವಿನಹಳ್ಳಿ ದಾಟಿ, ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ನಿಲ್ಲಲೇಬೇಕಾಗಿದ್ದ ಕಾಲ ಮುಗಿಯಿತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ, ಎರಡು ಕಿಲೋಮೀಟರಿಗೂ ಮೀರಿದ ಆ ಶರಾವತಿ ಹಿನ್ನೀರನ್ನು ಕಾರು ಒಂದು ದೇವರನಾಮ ಮುಗಿಯುವುದರೊಳಗೆ ದಾಟಿಬಿಡುತ್ತದೆ. ಹರಕೆ ಒಪ್ಪಿಸಲು ಹೋದಾಗ ನಾವೂ ಹಾಗೆಯೇ ದಾಟಿದೆವು. ಹರಕೆ ಏನೆಂದು ಇಲ್ಲಿ ಬರೆಯುವುದಿಲ್ಲ. ತಾಯಿ ನಡೆಸಿಕೊಟ್ಟಿದ್ದಾಳೆ, ಅಷ್ಟು ಸಾಕು.

ದರ್ಶನ ಚೆನ್ನಾಗಿಯೇ ಆಯಿತು. ಕುಂಕುಮ, ಹೂವಿನ ಪ್ರಸಾದ, ಊಟ, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಗರ್ಭಗುಡಿಯ ಮುಂದೆ ಕಣ್ಣು ಮುಚ್ಚಿದಾಗ ನನಗೆ ಕಾಣಿಸಿದ್ದು ಚೌಡೇಶ್ವರಿಯಲ್ಲ, ನನ್ನ ಅಮ್ಮಮ್ಮ. ಅದೂ ಬೆನ್ನು ತಿರುಗಿಸಿಕೊಂಡು ನಿಂತ ಅಮ್ಮಮ್ಮ.

ಲಾಂಚ್ ಹೊರಟೊಡನೆ ಎಲ್ಲರೂ ಕಳಸವಳ್ಳಿಯ ದಡದತ್ತ ಮುಖ ಮಾಡಿ ನಿಲ್ಲುತ್ತಿದ್ದರು. ಬಸ್ಸು, ಜೀಪು, ಅಡಿಕೆ ಚೀಲ, ಹಸುಗೂಸು, ಎಲ್ಲವೂ ಒಂದೇ ಹಲಗೆಯ ಮೇಲೆ. ಡೀಸೆಲ್ ಹೊಗೆಯ ನಡುವೆ ಯಾರೋ ದೇವಿಯ ಹೆಸರು ಕೂಗಿದರೆ ಉಳಿದವರು ದನಿಗೂಡಿಸುತ್ತಿದ್ದರು. ಅಮ್ಮಮ್ಮ ಮಾತ್ರ ನನ್ನ ಕೈ ಹಿಡಿದು ಇನ್ನೊಂದು ಬದಿಗೆ ಎಳೆದುಕೊಂಡು ಹೋಗಿ, ಬರೀ ನೀರಿರುವ ಕಡೆ ತಿರುಗಿ ನಿಲ್ಲುತ್ತಿದ್ದಳು. ಸೆರಗಿನ ಗಂಟು ಬಿಚ್ಚಿ ವೀಳ್ಯದೆಲೆಯ ಮೇಲೆ ಒಂದು ಅಡಿಕೆ ಇಟ್ಟು ನೀರಿಗೆ ಬಿಡುತ್ತಿದ್ದಳು. ಅವಳ ಅಂಗೈ ಅಡಿಕೆ ಸುಲಿದು ಸುಲಿದು ಗಟ್ಟಿಯಾಗಿತ್ತು. ಆ ಒರಟು ಕೈ ನನ್ನ ಬೆರಳುಗಳನ್ನು ಅದುಮುತ್ತಿದ್ದ ರೀತಿ ಇಂದಿಗೂ ನನ್ನ ಚರ್ಮಕ್ಕೆ ನೆನಪಿದೆ. ಎಷ್ಟು ಗಟ್ಟಿಯಾಗಿ ಎಂದರೆ ನೋವಾಗುತ್ತಿತ್ತು. ಆದರೂ ಬಿಡಿಸಿಕೊಳ್ಳಲು ಮನಸ್ಸಾಗುತ್ತಿರಲಿಲ್ಲ. "ಕೂಸೇ, ನಮ್ಮ ಚೌಡಿ ಇಲ್ಲೇ ಕೆಳಗೆ ಇದ್ದಾಳೆ. ಮೊದಲು ಅವಳಿಗೆ ಕೈ ಮುಗಿ, ಆಮೇಲೆ ದೊಡ್ಡಮ್ಮನ ಹತ್ತಿರ ಹೋಗೋಣ" ಎನ್ನುತ್ತಿದ್ದಳು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟದ ಅಂಚಿನ ಮರದ ಬುಡದಲ್ಲಿ ಒಂದು ಕಲ್ಲು, ಅದೇ ಚೌಡಿ. ವರ್ಷಕ್ಕೊಮ್ಮೆ ಅವಳಿಗೆ ಹಣ್ಣುಕಾಯಿ ಮಾಡಿಸದೆ ಮನೆಯವರಿಗೆ ಸಮಾಧಾನವಿಲ್ಲ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು 1964ರಲ್ಲಿ ಶರಾವತಿ ಹಿಂದಕ್ಕೆ ಹರಡಿಕೊಂಡಾಗ ಅಮ್ಮಮ್ಮನ ಮನೆ, ಗದ್ದೆ, ತೋಟ ಎಲ್ಲವೂ ಮುಳುಗಡೆಯಾದವು. ದೇವರ ಪೆಟ್ಟಿಗೆ, ಪಾತ್ರೆ, ದನಕರು ಹೊರಗೆ ಬಂದವು. ಚೌಡಿಯ ಕಲ್ಲನ್ನು ಕೀಳಲು ಯಾರಿಗೂ ಧೈರ್ಯ ಬರಲಿಲ್ಲ. ನೆಲ ಕಾಯುವವಳನ್ನು ನೆಲದಿಂದ ಎಬ್ಬಿಸುವುದು ಹೇಗೆ? ಹಾಗಾಗಿ ಅವಳು ಅಲ್ಲಿಯೇ ಉಳಿದಳು, ಇವರು ನಾಡಿನ ಕರೆಂಟಿನ ಬೆಳಕಿಗಾಗಿ ಊರು ಬಿಟ್ಟರು. ಹಾಗೆ ಊರು ಬಿಟ್ಟವರಲ್ಲಿ ಎಷ್ಟೋ ಮನೆಗಳಿಗೆ ಇಂದಿಗೂ ಭೂಮಿಯ ಹಕ್ಕುಪತ್ರ ಕೈಗೆ ಬಂದಿಲ್ಲ ಎಂಬುದನ್ನು ಭಕ್ತಿಯ ಬರಹದಲ್ಲಾದರೂ ಒಮ್ಮೆ ಹೇಳಬೇಕು.

ನೀರು ತೀರ ಇಳಿದ ಬೇಸಿಗೆಯಲ್ಲಿ ಮಡೆನೂರಿನ ಕಡೆ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಣೆಕಟ್ಟನ್ನೇ ನುಂಗಿದ ಅಣೆಕಟ್ಟು ನಮ್ಮದು! ಪತ್ರಿಕೆಯಲ್ಲಿ ಲಿಂಗನಮಕ್ಕಿ ತುಂಬಿ ನೀರಿನ ಮಟ್ಟ 1819 ಅಡಿ ಮುಟ್ಟಿತು ಎಂದು ಓದಿ ಎಲ್ಲರೂ ಸಂಭ್ರಮಿಸಿದರೆ ಅಮ್ಮಮ್ಮ, "ಈ ವರ್ಷ ಅವಳಿಗೆ ಉಸಿರಾಡಲು ಬಿಡುವಿಲ್ಲ" ಎನ್ನುತ್ತಿದ್ದಳು.

ಬೇಟೆಗೆ ಹೋಗಿ ದಾರಿ ತಪ್ಪಿದ ಶೇಷಪ್ಪನಿಗೆ ದೇವಿ ಕನಸಿನಲ್ಲಿ ಬಂದ ಸಿಗಂದೂರಿನ ಸ್ಥಳಕಥೆ ನಿಮಗೆಲ್ಲ ಗೊತ್ತು. ಅಮ್ಮಮ್ಮನಿಗೆ ಅದಕ್ಕಿಂತ ಮುಖ್ಯವಾದದ್ದು ಬೇರೆಯೇ ಇತ್ತು. ಮುಳುಗಿದ ನೂರಾರು ಚೌಡಿಗಳ ಪಾಲಿನ ಕೆಲಸವನ್ನೆಲ್ಲ ಸಿಗಂದೂರಿನ ತಾಯಿ ತಾನೇ ಹೊತ್ತುಕೊಂಡಿದ್ದಾಳೆ ಎಂದು ಅವಳು ನಂಬಿದ್ದಳು. ಕುಂದಾಪುರದ ತೋಟದಿಂದ ತೀರ್ಥಹಳ್ಳಿಯ ಮನೆಯವರೆಗೆ ಎಲ್ಲಿ ನೋಡಿದರೂ 'ಶ್ರೀ ದೇವಿಯ ಕಾವಲಿದೆ' ಎಂಬ ಫಲಕ ಕಂಡಾಗ ನನಗೂ ಅದು ನಿಜವೆನಿಸುತ್ತದೆ. ಪಾಪ, ಎಷ್ಟು ಮನೆ ಕಾಯಬೇಕು ಅವಳು!

ಸೇತುವೆ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆಚೆ ದಡದ ತುಮರಿಯ ಕಡೆಯವರು ದಶಕಗಟ್ಟಲೆ ಅದಕ್ಕಾಗಿ ಹೋರಾಡಿದ್ದಾರೆ. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಕಾಣಿಸಿಕೊಂಡವಳ ಮುಂದೆ ನನ್ನ ಹಳಹಳಿಕೆಗೆ ಬೆಲೆಯಿಲ್ಲ. ನನ್ನ ತಕರಾರು ನಮ್ಮಂಥ ಯಾತ್ರಿಕರ ಮೇಲೆ. ಬೆಳಿಗ್ಗೆ ಕೆಳದಿ, ಇಕ್ಕೇರಿ, ಮಧ್ಯಾಹ್ನ ಸಿಗಂದೂರಿನ ಊಟ, ಸಂಜೆ ಬೆಳಕಿರುವಾಗಲೇ ಜೋಗ: ಒಂದು ದಿನಕ್ಕೆ ಇಷ್ಟನ್ನೂ ತುರುಕುತ್ತೇವೆ. ಎರಡೂವರೆ ಶತಮಾನ ಆಳಿದ ಕೆಳದಿ ಅರಸರ ಅಘೋರೇಶ್ವರನಿಗೆ ಇಪ್ಪತ್ತು ನಿಮಿಷ! ಮೊದಲು ಲಾಂಚಿನ ಸಾಲಾದರೂ ನಮ್ಮನ್ನು ಹಿಡಿದು ನಿಲ್ಲಿಸುತ್ತಿತ್ತು. ಬಿಸಿಲಲ್ಲಿ ನಿಂತು, ಅಪರಿಚಿತರ ಹರಕೆಯ ಕಥೆ ಕೇಳಿ, ಮಗುವಿಗೆ ಮಜ್ಜಿಗೆ ಕುಡಿಸಿ, ನೀರು ನೋಡುತ್ತ ನೋಡುತ್ತ ಮನಸ್ಸು ಹದಕ್ಕೆ ಬರುತ್ತಿತ್ತು. ಆ ಕಾಯುವಿಕೆ ವ್ರತದ ಒಂದು ಅಂಗವೇ ಆಗಿತ್ತು. ಈಗ ಕಾರಿನಿಂದಿಳಿದು ಕಂಬಿಗೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಳ್ಳುವವರ ಕೆಳಗೆ ಯಾರ ಮನೆಯಂಗಳವಿದೆಯೋ, ಯಾವ ಚೌಡಿ ಕೂತಿದ್ದಾಳೋ, ಕೇಳುವವರಿಲ್ಲ. ಹೇಳುವ ಅಮ್ಮಮ್ಮಂದಿರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ನಾನಾದರೂ ಏನು ಮಾಡಿದೆ? ಕಾರಿನ ಗಾಜು ಇಳಿಸಿ ಕೈ ಮುಗಿಯುವಷ್ಟರಲ್ಲಿ ಕಳಸವಳ್ಳಿ ಬಂದಿತ್ತು.

ಸಂಕ್ರಾಂತಿ ಜಾತ್ರೆಗೆ ಅತ್ತಿಗೆಯ ಮನೆಯವರೂ ಜೊತೆಗೆ ಬರುತ್ತಾರಂತೆ. ಜೋಗವನ್ನೂ ಅದೇ ದಿನ ಮುಗಿಸಿಬಿಡೋಣ ಎನ್ನುತ್ತಿದ್ದಾರೆ. ನಾನು ಒಪ್ಪಿಲ್ಲ. ಜೋಗ ಎಲ್ಲಿಗೂ ಹೋಗುವುದಿಲ್ಲ, ಇನ್ನೊಂದು ದಿನ ನೋಡಬಹುದು. ಅಂದು ಬೇಗ ಹೊರಟು, ಹೊಳೆಬಾಗಿಲಿನಲ್ಲಿ ಕಾರು ನಿಲ್ಲಿಸಿ, ಮಕ್ಕಳನ್ನು ದಡಕ್ಕೆ ಇಳಿಸಿ, ಎಲೆ ಅಡಿಕೆ ಬಿಟ್ಟು ಆಮೇಲೆಯೇ ಸೇತುವೆಯತ್ತ ಹೋಗುವುದು ಎಂದು ಹೇಳಿದ್ದೇನೆ. ಕಾರು ಓಡಿಸುವ ಅಳಿಯನಿಗೆ ತಡವಾಗುತ್ತದೆ ಎಂಬ ಗೊಣಗಾಟ. ಗೊಣಗಲಿ.